ಪ್ಲಸ್ ಅಂದು ನಿಲ್ಲಿಸಿದರೆ

ಲೆಕ್ಕ ಕಲಿಸುವವರಿಗೆ ಒಂದು ಚಟವಿರುತ್ತದೆ. ಸೂತ್ರವನ್ನು ಪೂರ್ತಿ ಹೇಳುವುದಿಲ್ಲ. ಮದ್ದೂರಿನ ನಮ್ಮ ಹೈಸ್ಕೂಲಿನಲ್ಲಿ ನಾನು "ಎ ಸ್ಕ್ವೇರ್ ಪ್ಲಸ್ ಟು ಎಬಿ ಪ್ಲಸ್..." ಎಂದು ರಾಗ ಎಳೆದು ಸೀಮೆಸುಣ್ಣ ಎತ್ತಿ ಹಿಡಿದರೆ ಸಾಕು, ಇಡೀ ಒಂಬತ್ತನೇ ಕ್ಲಾಸು "ಬಿ ಸ್ಕ್ವೇರ್" ಅಂತ ಸೂರು ಹಾರುವಂತೆ ಕೂಗುತ್ತಿತ್ತು. ಸಂಬಳದ ಮಾತು ಬೇರೆ. ಮಂಡ್ಯದಿಂದ ದಿನಾ ನನ್ನನ್ನು ಬಸ್ಸು ಹತ್ತಿಸುತ್ತಿದ್ದುದು ಆ ಕೂಗೇ.

ಹೋದ ವರ್ಷ ಕ್ಲಾಸಿಗೆ ಪ್ರೊಜೆಕ್ಟರ್ ಬಂತು. ಕಂಪ್ಯೂಟರ್ ಮೇಷ್ಟರು ನನ್ನ ಲ್ಯಾಪ್‌ಟಾಪಿಗೆ ನೋಟ್ಸ್ ಬರೆಯುವ ಆ್ಯಪ್ ಹಾಕಿಕೊಟ್ಟು, "ಸಮೀಕರಣ ಅರ್ಧ ಟೈಪ್ ಮಾಡಿ ಸಾಕು ಮೇಡಂ, ಮಿಕ್ಕಿದ್ದು ಅದೇ ತುಂಬ್ಕತದೆ" ಎಂದರು. ನಿಜವೇ. ನಾನು ಪ್ಲಸ್ ಒತ್ತುವಷ್ಟರಲ್ಲಿ ಉಳಿದದ್ದು ಬೂದು ಬಣ್ಣದಲ್ಲಿ ಹಾಜರು. ಟ್ಯಾಬ್ ಒತ್ತಿದರೆ ಕಪ್ಪಾಗಿ ಕೂರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ. ಆದರೂ ವರ್ಗಮೂಲದ ಚಿಹ್ನೆ ಹುಡುಕಿ ಹುಡುಕಿ ಸೋತಿದ್ದ ನನಗೆ ಅದು ಭಾರಿ ಹಿಡಿಸಿತು. ಸೀಟು ಸಿಕ್ಕ ದಿನ ಬಸ್ಸು ಗೆಜ್ಜಲಗೆರೆ ದಾಟುವುದರೊಳಗೆ ತೊಡೆಯ ಮೇಲೇ ಒಂದು ಪಾಠ ಮುಗಿಸಿಬಿಡುತ್ತಿದ್ದೆ.

ಕ್ಲಾಸಿನಲ್ಲಿ ಮಾತ್ರ ಸದ್ದು ಕಮ್ಮಿಯಾಗುತ್ತಾ ಬಂತು. ಒಂದು ದಿನ ಟೈಪ್ ಮಾಡುತ್ತಾ "ಪ್ಲಸ್..." ಎಂದು ರಾಗ ಎಳೆದರೆ ಎಲ್ಲರೂ ಪರದೆಯ ಮೇಲೆ ಆಗಲೇ ಮೂಡಿದ್ದ ಬೂದು ಉತ್ತರ ನೋಡಿಕೊಂಡು ತೆಪ್ಪಗೆ ಕೂತರು.

"ಯಾಕ್ರೋ, ಬಾಯಿಗೆ ಬೀಗ ಹಾಕ್ಕಂಡಿದ್ದೀರಾ?" ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು, "ಅದೇ ಯೋಳ್ತದಲ್ಲ ಮಿಸ್, ನಾವ್ ಯಾಕ್ ಬಾಯ್ ನೋಯಿಸ್ಕಬೇಕು?" ಎಂದಳು.

ನನಗೆ ಉರಿದುಹೋಯಿತು. ಅವಳ ಮೇಲಲ್ಲ, ಅವಳು ಹೇಳಿದ್ದು ಸರಿಯೇ. ನನ್ನ ಹೊಟ್ಟೆಕಿಚ್ಚೆಲ್ಲ ಆ ಬೂದು ಅಕ್ಷರಗಳ ಮೇಲೆ. ಹೀಗೇ ಬಿಟ್ಟರೆ ಇವರ ಬಾಯಿ ಮತ್ತೆ ತೆರೆಯುವುದಿಲ್ಲವೇನೋ ಎಂದು ಹೆದರಿಕೆಯೂ ಆಯಿತು.

ಮಾರನೆಯ ದಿನ ಆ್ಯಪಿನ ಸೆಟ್ಟಿಂಗಿಗೆ ಹೋಗಿ, ತಾನೇ ತುಂಬಿಕೊಳ್ಳುವ ಅದರ ಬಾಯಿ ಮುಚ್ಚಿಸಿದೆ. ಅವತ್ತು ಎ ಮೈನಸ್ ಬಿ ಹೋಲ್ ಸ್ಕ್ವೇರ್. "ಎ ಸ್ಕ್ವೇರ್ ಮೈನಸ್ ಟು ಎಬಿ..." ಎನ್ನುತ್ತಾ ಟೈಪ್ ಮಾಡಿ ಕೈ ಎತ್ತಿದೆ. ಮುಂದೆ ಏನೂ ಮೂಡಲಿಲ್ಲ. ಮಕ್ಕಳು ಪರದೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇಡೀ ಕ್ಲಾಸು ಒಂದೇ ಉಸಿರಿಗೆ "ಮೈನಸ್ ಬಿ ಸ್ಕ್ವೇರ್" ಎಂದು ಕೂಗಿತು.

ಪ್ಲಸ್ ಆಗಬೇಕಿತ್ತು. ಅಪ್ಪಟ ತಪ್ಪು.

ಪಕ್ಕದ ಕ್ಲಾಸಿನ ಕನ್ನಡ ಮೇಷ್ಟರು ಬಾಗಿಲಿಗೆ ಬಂದು, "ಏನ್ ಮೇಡಂ, ಸಂತೆ ಮಾಡ್ಕಂಡಿದ್ದೀರಲ್ಲ" ಎಂದರು. ಸುಮ್ಮನಿರಿಸುತ್ತೇನೆ ಎಂಬಂತೆ ತಲೆಯಾಡಿಸಿದೆ. ಅವರು ಅತ್ತ ತಿರುಗಿದ ಕೂಡಲೇ ಮಕ್ಕಳಿಗೆ, "ಇನ್ನೊಂದ್ಸಲ ಹೇಳ್ರೋ" ಎಂದೆ.