ಭಾವನ ಎದೆಯಲ್ಲಿ ನಿಂತ ಮುದ್ದೆ

ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಮ್ಮ ಕಡೆಯವರಿಗೆ ಒಂದು ಬಗೆಯ ಕನಿಕರ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸುಳಿವೇ ಕೊಡದೆ ಒಳಗೆ ಕಳಿಸುವುದು ನಮ್ಮಲ್ಲೊಂದು ವಿದ್ಯೆ. ಅದನ್ನು ಪರಸ್ಥಳದ ನೆಂಟರಿಗೆಲ್ಲ ಬಲವಂತವಾಗಿ ಬೋಧಿಸಿದ ಪಾಪಿ ನಾನು.

ತೊಂಬತ್ತರ ದಶಕದ ಕೊನೆ. ತುಮಕೂರಿನ ಪಕ್ಕದ ಅಂತರಸನಹಳ್ಳಿಯಲ್ಲಿ ಹಳೆಯ ಪಂಪು, ಮೋಟಾರುಗಳನ್ನು ಕೊಂಡು ಮಾರುತ್ತಿದ್ದೆ. ಕೊತ್ತಗೆರೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ನನ್ನ ಅಕ್ಕನ ಗಂಡ, ಕೂತಲ್ಲಿ ಮೂರು ಮುದ್ದೆ ಮುಗಿಸುತ್ತಿದ್ದವರು, ಇದ್ದಕ್ಕಿದ್ದಂತೆ ಅಗಿಯತೊಡಗಿದರು. ಆಮೇಲೆ ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋಗತೊಡಗಿದರು. ತಿಂದದ್ದು ಎದೆಯಲ್ಲೇ ನಿಂತು ವಾಪಸು ಬರುತ್ತಿತ್ತು. ಅಂಗಿಯೊಳಗೆ ಭಾವ ಕರಗುತ್ತಿದ್ದರು.

ಸಲಹೆ ಕೊಡುವುದರಲ್ಲಿ ಮಾತ್ರ ನಾನೆಂದೂ ಚೌಕಾಸಿ ಮಾಡಿದವನಲ್ಲ.

"ಗ್ಯಾಸು ಭಾವ, ಅಷ್ಟೇ. ಸೋಡಾ ಕುಡೀರಿ. ತುತ್ತು ದೊಡ್ಡದಾಗಿ ನುಂಗಿ, ಹಿಂದಿಂದು ಮುಂದಿಂದನ್ನ ತಳ್ಳತ್ತೆ."

ಪಾಪ, ನಂಬಿ ನುಂಗಿದರು. ಕಣ್ಣುಗುಡ್ಡೆ ಮೇಲಾಯಿತು, ಕುಡಿಸಿದ ನೀರೂ ಮೂಗಿನಿಂದ ಬಂತು. ಅಕ್ಕ ಅವರ ಬೆನ್ನು ಗುದ್ದುತ್ತಾ, "ನಿನ್ ಬುದ್ಧಿನೆಲ್ಲ ಮೋಟ್ರಿಗೆ ಇಟ್ಕೊಳೋ, ಮನುಷ್ಯರ್ ಮೇಲೆ ಬ್ಯಾಡ" ಎಂದಳು.

ತುಮಕೂರಿನ ಡಾಕ್ಟರು ಬಿಳಿಯ ಔಷಧ ಕುಡಿಸಿ ಎಕ್ಸ್‌ರೇ ತೆಗೆಸಿದರು. ಅನ್ನನಾಳದ ತುದಿಯಲ್ಲೊಂದು ಸ್ನಾಯುವಿನ ಉಂಗುರವಂತೆ. ತುತ್ತು ಬಂದಾಗ ಅಲ್ಲಿನ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರೇ ಚೂರು ಬಿಟ್ಟರೆ ಅದು ಸಡಿಲವಾಗುತ್ತದಂತೆ. ಭಾವನಲ್ಲಿ ಆ ನರಗಳೇ ನಶಿಸಿದ್ದವು.

"ತಳ್ಳಿದ್ರೆ ತೆಗೆಯೋ ಬಾಗಿಲಲ್ಲ ಸ್ವಾಮಿ ಅದು. ಒಳಗಿನವ್ರೇ ಚಿಲಕ ತೆಗೀಬೇಕು" ಎಂದರು ಡಾಕ್ಟರು.

ಗ್ಯಾಸು ಹೆಚ್ಚಾಗಿದೆಯೆಂದು ನಾನು ತೀರ್ಪು ಕೊಟ್ಟಿದ್ದೆ; ಕೊರತೆಯಿದ್ದದ್ದೇ ಒಂದು ಗ್ಯಾಸಿನದು! ಗುಬ್ಬಿಯಲ್ಲಿ ಒಂದು ಹಳೆಯ ಮೋಟಾರಿಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹೇಳಿದ ಬೆಲೆ ಬಿಟ್ಟು ಕದಲದೆ ಕೂತು ಗೆದ್ದವನು ನಾನು. ಬಿಗಿ ಹಿಡಿಯುವುದೇ ಬಲವೆಂದು ನಂಬಿ ಬದುಕು ಕಟ್ಟಿಕೊಂಡವನು. ಸಡಿಲಿಸುವುದಕ್ಕೆಂದೇ ದೇಹ ಪ್ರತ್ಯೇಕ ಆಳುಗಳನ್ನು ಇಟ್ಟುಕೊಂಡಿದೆಯೆಂದು, ಅವರಿಲ್ಲದೆ ಮನುಷ್ಯ ತುಂಬಿದ ತಟ್ಟೆಯ ಮುಂದೆ ಉಪವಾಸ ಬೀಳುತ್ತಾನೆಂದು, ನೀವೇ ಹೇಳಿ, ನನಗೆ ಹೇಗೆ ಹೊಳೆದೀತು?

ಬೆಂಗಳೂರಿನಲ್ಲಿ ಗಂಟಲ ಮೂಲಕ ಪುಟ್ಟ ಬಲೂನು ಇಳಿಸಿ ಉಂಗುರವನ್ನು ಹಿಗ್ಗಿಸಿದರು. ತಿಂಗಳ ಮೇಲೆ, ಡಾಕ್ಟರ ಅಪ್ಪಣೆ ಪಡೆದು ಅಕ್ಕ ಮೆತ್ತಗೆ ಮುದ್ದೆ ಮಾಡಿದಳು. ಭಾವ ನೆಲ್ಲಿಕಾಯಿಯಷ್ಟು ಮುರಿದು, ಕೈಯಲ್ಲೇ ಹಿಡಿದು ಕೂತರು. ನನ್ನತ್ತ ನೋಡಿದರು.

"ಏನ್ಲಾ, ಇವತ್ತು ಬಾಯೇ ಬಿಡ್ತಿಲ್ಲ?"

"ನಿಧಾನ ಭಾವ. ನಿಮಗೆ ಹೆಂಗ್ ಬೇಕೋ ಹಂಗೆ."

ಬಾಯಿಗಿಟ್ಟುಕೊಂಡರು. ಸೌಟು ಹಿಡಿದ ಅಕ್ಕ ಗಂಡನ ಎದೆಯನ್ನೇ ನೋಡುತ್ತ ನಿಂತಳು. ಭಾವ ಕಣ್ಣು ಮುಚ್ಚಿದರು, ಎದೆಯ ಮೇಲೆ ಅಂಗೈ ಇಟ್ಟುಕೊಂಡರು, ಕಾದರು. ಆಮೇಲೆ ತಟ್ಟೆಯನ್ನು ಅಕ್ಕನತ್ತ ತಳ್ಳಿದರು.

"ಇಳೀತು ಕಣೇ. ಹಂಗೇ ನಿಂತ್ಕೊಂಡ್ರೆ? ಸಾರು ಬುಡು."