ಪಾನಪಾತ್ರೆ ಮುಟ್ಟದ ಮೇಷ್ಟ್ರು

ನಮ್ಮ ಪಕ್ಕದ ಮನೆಯ ಮೇಷ್ಟ್ರು ಕಾಫಿಗೆ ಬರುವಾಗ ಲೋಟವನ್ನೂ ಮನೆಯಿಂದಲೇ ತರುತ್ತಿದ್ದರು!

ಕುಡಿದಾದ ಮೇಲೆ ತೊಳೆಯಲು ಕೂಡ ಕೊಡದೆ ಕೋಟಿನ ಜೇಬಿಗೆ ಸೇರಿಸಿಕೊಂಡು ಹೋಗುವರು. ನಮ್ಮಮ್ಮನಿಗೆ ಪರಮ ಸಂತೋಷ. "ಕ್ರಿಶ್ಚಿಯನ್ನರಾದ್ರೂ ನನ್ನ ಮಡಿ ಅರ್ಥ ಮಾಡ್ಕೊಂಡಿದಾರೆ ಕಣೋ" ಎಂದು ಬೀದಿಯಲ್ಲೆಲ್ಲ ಹೊಗಳಿದ್ದೇ ಹೊಗಳಿದ್ದು. (ಮಡಿ ಅಮ್ಮನದು, ಮುಜುಗರ ನನ್ನದು.)

ಅವರನ್ನು ಜಯಶೀಲ ಮೇಷ್ಟ್ರು ಎನ್ನೋಣ. ನಿಜವಾದ ಹೆಸರು ಬೇರೆ. ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದರು. ಭಾನುವಾರ ಮಾಗಡಿ ರಸ್ತೆಯ ಕಡೆ ಇರುವ ಅವರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ. ವಾರವೆಲ್ಲ ಮೈಕ್ರೋಸ್ಕೋಪು, ಭಾನುವಾರ ಪ್ರಾರ್ಥನೆ. ಎರಡಕ್ಕೂ ಜಗಳವಿದ್ದುದನ್ನು ನಾನಂತೂ ಕಾಣೆ.

ಒಂದು ಭಾನುವಾರ ನೋಡುತ್ತೇನೆ, ಚರ್ಚಿನ ಹೊತ್ತಿಗೆ ಮೇಷ್ಟ್ರು ಕೋಟು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಾರೆ.

"ಯಾಕೆ ಮೇಷ್ಟ್ರೇ, ಇವತ್ತು ಪಾಠ ಇಲ್ವಾ?"

"ಬಿಡಿಸಿಬಿಟ್ರು ರಾಯರೇ."

ಅವರ ಚರ್ಚಿನಲ್ಲಿ ಪ್ರಭುಭೋಜನ ಎಂಬ ಆಚರಣೆಯಿದೆ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ರಸಕ್ಕೆ ಪಾತ್ರೆ ಒಂದೇ, ಎಲ್ಲರ ತುಟಿಯೂ ಅದಕ್ಕೇ. ದೇವರ ಮುಂದೆ ಮೇಲುಕೀಳಿಲ್ಲ ಎಂಬುದೇ ಅದರ ಅರ್ಥವಂತೆ. ಮೇಷ್ಟ್ರು ಮಾತ್ರ ಬಹಳ ದಿನದಿಂದ ಅದನ್ನು ಮುಟ್ಟದೆ ಹಿಂದಿನ ಬೆಂಚಿನಲ್ಲೇ ಕೂತುಬಿಡುತ್ತಿದ್ದರು. ಸೈನ್ಸ್ ತಲೆಗೇರಿ ದೇವರನ್ನು ಬಿಟ್ಟಿದ್ದಾರೆ ಎಂದು ಗುಸುಗುಸು ಶುರುವಾಯಿತು. ಅಂಥವರ ಕೈಗೆ ಮಕ್ಕಳನ್ನು ಯಾರು ಒಪ್ಪಿಸುತ್ತಾರೆ?

"ನಿಜವೇ?" ಎಂದೆ.

ಆಗ ಹೇಳಿದರು. ಹಿಂದೊಮ್ಮೆ ರಜೆ ಹಾಕಿ ಊರಿಗೆ ಹೋಗುತ್ತೇನೆಂದು ನಮಗೆಲ್ಲ ಹೇಳಿ ಹೋಗಿದ್ದರು; ಆಗ ಅವರು ಇದ್ದದ್ದು ಕ್ಷಯದ ಆಸ್ಪತ್ರೆಯಲ್ಲಿ. ಈಗ ಗುಣವಾಗಿದೆ, ಪಾಠ ಮಾಡಬಹುದು. ಆದರೆ ಇನ್ನೂ ಸ್ವಲ್ಪ ಕಾಲ ಲೋಟ, ತಟ್ಟೆ ಬೇರೆ ಇರಲಿ ಎಂದು ಡಾಕ್ಟರು ತಾಕೀತು ಮಾಡಿದ್ದರು.

"ಚರ್ಚಿನಲ್ಲಿ ಹೇಳಿಬಿಡಬಹುದಲ್ಲ?"

"ಮಗಳಿಗೆ ಗಂಡು ನೋಡ್ತಾ ಇದೀವಿ. ಟಿ.ಬಿ. ಮನೆ ಅಂದ್ರೆ ಯಾರು ಬರ್ತಾರೆ ಹೇಳಿ?" ಆಮೇಲೆ, "ಆ ಒಂದು ಗುಟುಕಿಗೆ ಎಷ್ಟು ಹಂಬಲಿಸ್ತೀನಿ ಗೊತ್ತಾ ರಾಯರೇ?" ಎಂದರು.

ಮಗಳ ಮದುವೆ ಆಯಿತು. ಡಾಕ್ಟರೂ ಇನ್ನು ಭಯವಿಲ್ಲ ಎಂದರು. ಮೇಷ್ಟ್ರು ಚರ್ಚಿನ ಹಿರಿಯರೊಬ್ಬರ ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದರು. ನಾನೂ ಜೊತೆಗಿದ್ದೆ. (ನನ್ನಂಥ ಪತ್ರಿಕೆಯವನನ್ನು ಕಂಡರೆ ಮೆತ್ತಗಾಗುತ್ತಾರೆ ಎಂದು ನನ್ನ ಭ್ರಮೆ.)

ಹಿರಿಯರು ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಪ್ರಾರ್ಥನೆ ಮಾಡಿದ ರಸದಲ್ಲೂ ಕ್ರಿಮಿ ಉಳಿಯುತ್ತೆ ಅಂದ್ಕೊಂಡ್ರಲ್ಲ, ಅದೇ ಅಪನಂಬಿಕೆ ಮೇಷ್ಟ್ರೇ. ಸಭೆ ಮುಂದೆ ನಿಂತು ಪಶ್ಚಾತ್ತಾಪ ಪಟ್ಟೆ ಅನ್ನಿ. ಮುಂದಿನ ಭಾನುವಾರದಿಂದ್ಲೇ ಪಾಠ ಮಾಡಿ."

ಒಂದೇ ಮಾತು. ನಾನಾಗಿದ್ದರೆ ಅದನ್ನು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ.

ಮೇಷ್ಟ್ರು ಅನ್ನಲಿಲ್ಲ. "ಕ್ರಿಮೀನೂ ದೇವರ ಸೃಷ್ಟೀನೇ ಅಲ್ವಾ ಅಯ್ಯಾ? ಅದನ್ನ ಕಾಣೋ ಬುದ್ಧಿ ಕೊಟ್ಟೋನೂ ಅವನೇ. ಕಂಡ ಮೇಲೂ ಪಕ್ಕದವರಿಗೆ ಪಾತ್ರೆ ದಾಟಿಸಿದ್ರೆ ಅದು ಪಾಪ. ಮಾಡದ ಪಾಪಾನ ಮಾಡಿದೆ ಅಂತ ಅವನ ಮುಂದೆ ಹೇಗೆ ಸುಳ್ಳು ಹೇಳ್ಲಿ?"

ಹಿರಿಯರು ಕೆಟ್ಟವರಲ್ಲ. ಅವರ ಕಣ್ಣೂ ತುಂಬಿತ್ತು. ಆದರೂ ಅವರು ಪಟ್ಟು ಬಿಡಲಿಲ್ಲ, ಇವರೂ ಬಿಡಲಿಲ್ಲ.

ಅಷ್ಟರಲ್ಲಿ ಮೇಷ್ಟ್ರಿಗೆ ವರ್ಗದ ಆರ್ಡರ್ ಬಂತು. ಕಳೆದ ವಾರ ಕಾಮಾಕ್ಷಿಪಾಳ್ಯದಿಂದ ಗಾಡಿ ತರಿಸಿ ಸಾಮಾನು ಹೇರಿದರು. ಅಮ್ಮನಿಗೆ ಅಂದೇ ನಿಜ ಹೇಳಿದೆ. "ಹಾಗಾದ್ರೆ ನನ್ನ ಮಡಿಗೋಸ್ಕರ ಅಲ್ವೇನೋ?" ಎಂದಳು. ಸಪ್ಪಗಾದಳು. ಆಮೇಲೆ ಗೇಟಿನ ತನಕ ಹೋಗಿ ನಿಂತಳು.

ಬೀಳ್ಕೊಡಲು ಚರ್ಚಿನಿಂದ ಯಾರೂ ಬಂದಿರಲಿಲ್ಲ. ಪಾಠ ಕಲಿಸಿದ ಮಕ್ಕಳೂ ಇಲ್ಲ. ಮೇಷ್ಟ್ರು ದಾರಿ ನೋಡುತ್ತಿದ್ದರು. ನಾನು ಆ ಕಡೆ ನೋಡಲಾರದೆ ಹಗ್ಗ ಬಿಗಿಯುವ ನೆಪ ಮಾಡಿದೆ. "ಬರೀರಿ ರಾಯರೇ, ಹೆಸರು ಮಾತ್ರ ಬೇಡ" ಎಂದು ಗಾಡಿ ಹತ್ತಿದರು.

ಬರೆದಿದ್ದೇನೆ. ಈಗ ನೀವೇ ಹೇಳಿ: ಇನ್ನೊಬ್ಬರ ಎದೆ ಚೆನ್ನಾಗಿರಲಿ ಎಂದು ತನ್ನ ದೇವರ ಊಟವನ್ನೇ ಬಿಟ್ಟ ಮನುಷ್ಯ ಯಾವುದಕ್ಕೆ ಪಶ್ಚಾತ್ತಾಪ ಪಡಬೇಕಿತ್ತು?