ಹುಳಿ ಇಳಿಯುವ ಹೊತ್ತು

ಗುಡೂರಿನ ಹುಚ್ಚವ್ವ ೧೯೮೬ರ ಏಪ್ರಿಲ್ ಎಂಟು, ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ವಯಸ್ಸು ಐವತ್ತೈದರ ಆಸುಪಾಸು. ಹುಟ್ಟಿದ ದಿನ ಬರೆದಿಟ್ಟವರಿಲ್ಲ. ಇಪ್ಪತ್ತು ವರ್ಷ ಇಳಕಲ್ಲಿನ ಪೇಟೆಯಲ್ಲಿ ಕುಳಿತು ಸೊಪ್ಪು-ಪಲ್ಲೆ ಮಾರಿದಳು.

ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ, ಬೀರಪ್ಪ ದೇವರ ಒಕ್ಕಲಿನಲ್ಲಿ. ನಡೆಯಲು ಕಲಿತದ್ದೇ ಹಿಂಡಿನ ಹಿಂದೆ. ಗಂಡ ಸತ್ತ ಮೇಲೆ ಕುರಿಗಳು ಮೈದುನರ ಪಾಲಾದವು. ಯಾವ ದಿನ್ನೆಯಲ್ಲಿ ಯಾವ ಸೊಪ್ಪು ಯಾವಾಗ ಚಿಗುರುತ್ತದೆ ಎಂಬ ತಿಳಿವಳಿಕೆ ಅವಳಲ್ಲಿ ಉಳಿಯಿತು. ಅದನ್ನು ನಂಬಿ ಬುಟ್ಟಿ ಹೊತ್ತಳು. ನಸುಕಿನಲ್ಲಿ ಕಿತ್ತು, ಒದ್ದೆ ಬಟ್ಟೆ ಮುಚ್ಚಿ, ಮೊದಲ ಬಸ್ಸಿಗೆ ಇಳಕಲ್ಲಿಗೆ ಬರುತ್ತಿದ್ದಳು. ಅವಳ ಮುಂದೆ ಯಾರೂ ಸೊಪ್ಪಿನ ಸಿವುಡು ಬಿಚ್ಚಿ ನೋಡುತ್ತಿರಲಿಲ್ಲ. ಹುಚ್ಚವ್ವನ ಪಲ್ಲೆ ಎಂದರೆ ಇವತ್ತಿನದು, ಅಷ್ಟೆ. ಆ ಹೆಸರೊಂದೇ ಅವಳ ಆಸ್ತಿ.

೧೯೭೬ರ ಬೇಸಿಗೆಯಲ್ಲಿ ಆ ಹೆಸರು ಹೋಗುವುದರಲ್ಲಿತ್ತು.

ಆ ವರ್ಷ ಮಾರ್ಚಿನಲ್ಲಿ ಒಂದು ಅಡ್ಡಮಳೆ ಬಿದ್ದು, ಊರಾಚೆಯ ಕಲ್ಲುದಿನ್ನೆಯ ತುಂಬ ಗೋಳಿ ಪಲ್ಲೆ ಹಬ್ಬಿತು. ಕೆಂಪು ದಂಟು, ದಪ್ಪನೆಯ ಪುಟ್ಟ ಎಲೆ, ನೆಲಕ್ಕೆ ಅಂಟಿಕೊಂಡೇ ಬೆಳೆಯುವ ಬಳ್ಳಿ. ಆಮೇಲೆ ಮಳೆ ಬರಲೇ ಇಲ್ಲ. ರಾಜಗಿರಿ, ಕಿರಕಸಾಲಿಯಂಥ ಸೊಪ್ಪುಗಳೆಲ್ಲ ಒಣಗಿದವು. ಗೋಳಿ ಮಾತ್ರ ಹಸಿರಾಗಿತ್ತು. ಮಳೆಗಾಲದಲ್ಲಷ್ಟೇ ಅದನ್ನು ಮಾರುತ್ತಿದ್ದ ಹುಚ್ಚವ್ವ ಅಂಥ ಉರಿಬಿಸಿಲಿನಲ್ಲಿ ಮಾರಿದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ಕಾಶಪ್ಪ ದಿನಾ ಅರ್ಧ ಬುಟ್ಟಿ ಕೊಳ್ಳುತ್ತಿದ್ದ.

ಮಾರತೊಡಗಿದ ಮೂರನೆಯ ದಿನ ಅವನು ಪೇಟೆಗೇ ಬಂದು ನಿಂತ.

“ಏನವಾ ಹುಚ್ಚವ್ವಾ, ಹಳಸಿದ್ದ ಪಲ್ಲೆಕ್ಕ ನೀರ ಹೊಡದ ಕೊಡಾಕ ಯಾವಾಗ ಕಲತಿ? ಬ್ಯಾಳಿ ಬಾಯಾಗ ಇಡಾಕ ಆಗವಲ್ದು, ಅಷ್ಟು ಹುಳಿ.”

“ಇವತ್ತ ನಸಕಿನ್ಯಾಗ ಕಿತ್ತಿದ್ದು ಯಣ್ಣಾ. ಬೀರಪ್ಪನ ಆಣಿ.”

“ಬೀರಪ್ಪ ನಮ್ಮ ಖಾನಾವಳ್ಯಾಗ ಉಂಡಿಲ್ಲ ಬಿಡು.”

ಪಕ್ಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಅಲೀಮಾ ಗೆಳತಿಯ ಪರವಾಗಿ ಬಾಯಿ ಹಾಕಿದಳು: “ಹುಳಿ ಹೆಚ್ಚಾದ್ರ ಹುಣಸಿ ಹಣ್ಣ ಕಡಿಮಿ ಹಾಕ್ರಿ ಸಾವಕಾರ, ನಿಮಗ ಉಳಿತಾಯ!”

ಪೇಟೆ ನಕ್ಕಿತು. ಹುಚ್ಚವ್ವ ನಗಲಿಲ್ಲ. ಒಂದು ಎಲೆ ಕಡಿದು ನೋಡಿದಳು. ಖರೇನೇ ಹುಳಿ.

ಮರುದಿನದಿಂದ ಬಂದವರೆಲ್ಲ ಅವಳ ಪಲ್ಲೆಯನ್ನು ಕಡಿದು ನೋಡತೊಡಗಿದರು. ಇಪ್ಪತ್ತು ಚಾಕು ಚುಚ್ಚಿದಂತಾಯಿತು ಅವಳಿಗೆ. ನಸುಕಿನಲ್ಲಿ ಕೀಳುವುದೇ ತಪ್ಪಿರಬೇಕೆಂದು ಸಂಜೆ ಕಿತ್ತು, ರಾತ್ರಿ ಬುಟ್ಟಿಯಲ್ಲಿಟ್ಟು, ಮುಂಜಾನೆ ತಂದಳು. ಆಗಲೂ ಹುಳಿ. ನಿನ್ನೆ ಸಂಜೆ ಕಿತ್ತದ್ದೆಂದು ಕಾಶಪ್ಪನಿಗೆ ಹೇಳಿದಳು. “ಈಗ ನೋಡು, ನಿನ್ನಿದ ಅಂತ ನಿನ್ನ ಬಾಯಿಂದನ ಬಂತು,” ಎಂದ ಕಾಶಪ್ಪ. ಅಂದೇ ವ್ಯಾಪಾರ ನಿಲ್ಲಿಸಿದ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಶಿವಲಿಂಗವ್ವ ಅವಳ ಹಳೆಯ ಗಿರಾಕಿ. ಹುಚ್ಚವ್ವ ಅವಳ ಮುಂದೆ ಎಲ್ಲ ಹೇಳಿಕೊಂಡಳು.

“ಅದು ಹಂಗ ಆಗಾಕ ಸಾಧ್ಯ ಇಲ್ಲ ಹುಚ್ಚವ್ವ. ರಾತ್ರಿ ಹುಳಿ ಕೂಡಿಸೋದು ಕಳ್ಳಿ, ಕತ್ತಾಳಿ. ಗೋಳಿ ಜ್ವಾಳದ ಗುಂಪಿಂದು ಅಂತ ಪುಸ್ತಕದಾಗ ಐತಿ.”

“ಪುಸ್ತಕದವ್ರು ಯಾವ ತಿಂಗಳಾಗ ಕಡದ ನೋಡ್ಯಾರ್ರಿ ಅಕ್ಕಾರ?”



ಮರುದಿನ ಹುಚ್ಚವ್ವ ಪೇಟೆಗೆ ಬರಲಿಲ್ಲ. ಹೊತ್ತು ಹುಟ್ಟುವ ಮೊದಲೇ ದಿನ್ನೆಯ ಮೇಲೆ ಹೋಗಿ ಕುಳಿತಳು. ಆಗೊಂದು ಎಲೆ ಕಡಿದಳು, ಹಲ್ಲು ಜುಮ್ಮೆಂದವು. ಬಿಸಿಲೇರಿದ ಮೇಲೆ ಒಂದು, ನೆರಳು ಕಾಲಡಿಗೆ ಬಂದಾಗ ಒಂದು. ಹುಳಿ ಇಳಿಯುತ್ತ ಬಂತು. ಮೂರು ಗಂಟೆಯ ಹೊತ್ತಿಗೆ ನಾಲಗೆಗೆ ಎಲೆಯ ರುಚಿ ಮಾತ್ರ ಉಳಿಯಿತು. ಅಷ್ಟೊತ್ತಿಗೆ ಅವಳ ಬಾಯಿ ಹುಣ್ಣಾಗಿತ್ತು. ಸಂಜೆಯ ಬಸ್ಸಿಗೆ ಸೀದಾ ಶಿವಲಿಂಗವ್ವನ ಮನೆಗೆ ಬಂದಳು.

“ನನ್ನ ನಾಲಗಿ ಯಾರೂ ನಂಬೂದಿಲ್ರಿ. ನಿಮ್ಮ ಸಾಲ್ಯಾಗ ಹುಳಿ ಅಳಿಯೂ ಸಾಮಾನ ಇಲ್ಲೇನ್ರಿ?”

ಇತ್ತು. ಆ ವಾರದ ಭಾನುವಾರವೇ ಕಾಶಪ್ಪನನ್ನು ಎದುರಿಗೆ ಕೂಡಿಸಿಕೊಂಡು ಶಿವಲಿಂಗವ್ವ ಸಮ ತೂಕದ ಎಲೆ ಅರೆದು, ಸೋಸಿ, ಬಣ್ಣ ತೋರಿಸುವ ಸೂಚಕದ ಹನಿ ಹಾಕಿ, ಗಾಜಿನ ನಳಿಗೆಯಿಂದ ಕ್ಷಾರ ತೊಟ್ಟಿಕ್ಕಿಸಿದಳು. ಎಷ್ಟು ತೊಟ್ಟಿಗೆ ರಸ ಗುಲಾಬಿ ಬಣ್ಣಕ್ಕೆ ತಿರುಗುತ್ತದೋ ಅಷ್ಟು ಹುಳಿ. ನಸುಕಿನಲ್ಲಿ ಕಿತ್ತದ್ದಕ್ಕೆ ನಲವತ್ಮೂರು ತೊಟ್ಟು. ಹಿಂದಿನ ಸಂಜೆ ಕಿತ್ತು ಬುಟ್ಟಿಯಲ್ಲಿಟ್ಟದ್ದಕ್ಕೆ ಮೂವತ್ತು. ಕಿತ್ತ ಮೇಲೂ ಎಲೆ ಆ ರಾತ್ರಿಯ ಕೆಲಸ ಬಿಟ್ಟಿರಲಿಲ್ಲ. ಸಂಜೆ ಎಲ್ಲರೂ ಮತ್ತೆ ಕೂಡಿದರು. ಅದೇ ಆಗ ಕಿತ್ತು ತಂದ ಎಲೆಗೆ ಹನ್ನೊಂದು.

ಕಾಶಪ್ಪ ಗುಲಾಬಿ ನೀರನ್ನು ನೋಡಿದ, ಹುಚ್ಚವ್ವನನ್ನು ನೋಡಿದ. “ಮುಂಜಾನಿಂದ ನೀ ಉಂಡಿಯೋ ಇಲ್ಲೋ?” ಎಂದು ಕೇಳಿದ. ಅವನು ತಪ್ಪೊಪ್ಪಿಕೊಳ್ಳುವ ರೀತಿ ಅದು. ಮರುದಿನ ಪೇಟೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: “ನಮ್ಮಲ್ಲಿ ಇನ್ನ ಗೋಳಿ ಪಲ್ಲೆ ರಾತ್ರಿ ಊಟಕ್ಕ. ಹುಚ್ಚವ್ವ ಸಂಜಿಗೆ ತರ್ತಾಳ.”

ಆ ಭಾನುವಾರ ಕಾಶಪ್ಪ ಹೋದ ಮೇಲೆ ಶಿವಲಿಂಗವ್ವ ಶಾಲೆಯ ಮೆಟ್ಟಿಲ ಮೇಲೆ ಕುಳಿತು ತನಗೆ ತಿಳಿದಷ್ಟು ಹೇಳಿದಳು. ಗಿಡ ಗಾಳಿಯಿಂದ ಇಂಗಾಲದ ಅನಿಲ ಹೀರಿ, ಬಿಸಿಲಿನ ಬಲದಿಂದ ಅನ್ನ ಮಾಡಿಕೊಳ್ಳುತ್ತದೆ. ಮೊದಮೊದಲು ನೆಲದ ಗಿಡಗಳದೆಲ್ಲ ಒಂದೇ ಪದ್ಧತಿ: ಹಗಲು ಎಲೆಯ ಸಣ್ಣ ಬಾಯಿಗಳನ್ನು ತೆರೆಯುವುದು, ಹೀರಿದ್ದನ್ನು ಆಗಲೇ ಅಡುಗೆ ಮಾಡುವುದು. ಭತ್ತ, ಗೋಧಿ, ಶೇಂಗಾ ಇಂದಿಗೂ ಹಾಗೇ ಬದುಕುತ್ತವೆ. ಆದರೆ ಬಾಯಿ ತೆರೆದಾಗ ನೀರೂ ಆರಿಹೋಗುತ್ತದೆ. ಕಾಲ ಕಳೆದಂತೆ ಗಾಳಿಯಲ್ಲಿ ಆ ಅನಿಲ ಕಡಿಮೆಯಾಯಿತು. ಬಿಸಿಲ ಸೀಮೆಯಲ್ಲಿ ಹಳೆಯ ಪದ್ಧತಿ ಸಾಲದಾಯಿತು. ಜೋಳ, ಸಜ್ಜೆ, ಕಬ್ಬು ಎಲೆಯೊಳಗೆ ಎರಡು ಕೋಣೆ ಮಾಡಿಕೊಂಡವು: ಹೊರಗಿನದು ಅನಿಲ ಹಿಡಿದು ಒಳಗಿನದಕ್ಕೆ ತುಂಬುತ್ತದೆ, ಅಡುಗೆ ಒಳಗೆ, ಬಾಯಿ ಅರ್ಧ ತೆರೆದರೂ ಸಾಕು. ಕಳ್ಳಿ, ಕತ್ತಾಳೆ ರಾತ್ರಿಯ ತಂಪಿನಲ್ಲಿ ಬಾಯಿ ತೆರೆದು, ಹಿಡಿದದ್ದನ್ನು ಹುಳಿ ಮಾಡಿಟ್ಟು, ಹಗಲು ಬಾಯಿ ಮುಚ್ಚಿಕೊಂಡು ಆ ಹುಳಿಯಿಂದಲೇ ಅಡುಗೆ ಮಾಡುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಕುಲಗಳು ಬೇರೆಬೇರೆ ಸೀಮೆಗಳಲ್ಲಿ ತಾವೇ ಈ ದಾರಿಗಳಿಗೆ ಬಂದವು. ಹೊಸ ಸಾಮಾನೇನೂ ತರಲಿಲ್ಲ; ಮನೆಯಲ್ಲಿದ್ದದ್ದನ್ನೇ ಜಾಗ ಬದಲಿಸಿ ಇಟ್ಟುಕೊಂಡವು. ಗೋಳಿ ಮಳೆಯಿದ್ದಾಗ ಜೋಳದಂತೆ, ನೀರು ತಪ್ಪಿದಾಗ ಕಳ್ಳಿಯಂತೆ ನಡೆಯುತ್ತಿರಬೇಕು.

“ತಿಳೀತ್ರಿ ಅಕ್ಕಾರ,” ಎಂದಳು ಹುಚ್ಚವ್ವ. “ಬ್ಯಾಸಗ್ಯಾಗ ನಾವು ಕುರಿ ಬೆಳದಿಂಗಳಾಗ ಮೇಯಸ್ತಿದ್ವಿ. ಹಗಲ ನೆಳ್ಳಾಗ ಕುಂತ ಮೆಲಕ ಹಾಕ್ತಿದ್ವು. ಮಳಿಗಾಲದಾಗ ಅವ ಕುರಿ ಹಗಲ ಮೇಯತಿದ್ವು. ಕುರಿ ಬ್ಯಾರೆ ಆಗಲಿಲ್ಲ, ಹೊತ್ತ ಬ್ಯಾರೆ ಆತು.”

ಶಿವಲಿಂಗವ್ವ ಅಂದಿನಿಂದ ಈ ಪಾಠವನ್ನು ಆ ಮಾತಿನಲ್ಲೇ ಕಲಿಸಿದಳು. ಅದಕ್ಕಿಂತ ಒಳ್ಳೆಯ ಮಾತು ಅವಳಿಗೆ ಸಿಕ್ಕಿಲ್ಲ.

ಆರು ವರ್ಷದ ಮೇಲೆ ಬಾಗಲಕೋಟೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅವಳಿಗೆ ಹೊಸ ವಿಜ್ಞಾನ ಪತ್ರಿಕೆಯೊಂದು ಸಿಕ್ಕಿತು. ನೀರು ತಪ್ಪಿದರೆ ಗೋಳಿ ರಾತ್ರಿ ಹುಳಿ ಕೂಡಿಸುತ್ತದೆಂದು ಹೊರದೇಶದವರೂ ಕಂಡಿದ್ದರು. ಓಡೋಡಿ ಗುಡೂರಿಗೆ ಹೋಗಿ ಹೇಳಿದಳು.

“ಅವರೂ ಕಡದ ನೋಡಿದ್ರೇನ್ರಿ?”

“ಇಲ್ಲ, ಯಂತ್ರದಾಗ ನೋಡ್ಯಾರ.”

“ಪಾಪ, ರುಚಿ ಗೊತ್ತಾಗಿಲ್ಲ ಹಂಗಾರ.”

ಹುಚ್ಚವ್ವ ಮತ್ತೆಂದೂ ಬೇಸಿಗೆಯ ಗೋಳಿಯನ್ನು ಮೂರು ಗಂಟೆಗೆ ಮೊದಲು ಕೀಳಲಿಲ್ಲ. ಜ್ವರವಿದ್ದರೂ ಅಷ್ಟೆ, ಬಸ್ಸು ತಪ್ಪಿದರೂ ಅಷ್ಟೆ.

ಹೋದ ಮಂಗಳವಾರ, ಆ ಕೊನೆಯ ದಿನ, ಎದೆಯಲ್ಲಿ ಏನೋ ಹಿಡಿದಂತಾಗುತ್ತದೆಂದು ಬೆಳಗಿನಿಂದ ಹೇಳುತ್ತಿದ್ದಳಂತೆ. ಆದರೂ ದಿನ್ನೆಗೆ ಹೋದಳು. ಅಲ್ಲೇ ಕಟ್ಟಿಗೆ ಆರಿಸುತ್ತಿದ್ದ ನೆರೆಮನೆಯ ಸಂಗವ್ವ, “ಯಕ್ಕಾ, ಮಾರಿ ಬಿಳಚಗೊಂಡೈತಿ. ಇದ್ದಷ್ಟ ಕಿತಗೊಂಡ ಒಂದರ ಬಸ್ಸಿಗಿ ಹೋಗಿ ಬಂದಬಿಡು,” ಎಂದಳು.

ಹುಚ್ಚವ್ವ ಬಗ್ಗಿ ಒಂದು ಎಲೆ ಕಿತ್ತು ಕಡಿದಳು.

“ಇನ್ನೂ ಹುಳಿ ಐತಿ, ತಡಿ,” ಎಂದು ಅದನ್ನು ಉಗುಳಿದಳು. ಖಾಲಿ ಬುಟ್ಟಿಯನ್ನು ಬೋರಲು ಹಾಕಿ, ಬೇವಿನ ನೆರಳಿಗೆ ಹೋಗಿ, ಕಾಯುತ್ತ ಕುಳಿತಳು.